ನಾಲ್ಕು ದಿನದ ಪರದೇಶ

ಜಮಖಂಡಿ ಸೀಮೆಯ ಮನೆಯೊಂದು ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನ ಪರದೇಶಕ್ಕೆ ಹೊರಡಬೇಕಾದರೆ ಮೊದಲು ಕಬ್ಬನ್ನು ಕೇಳಬೇಕು, ಆಮೇಲೆ ಲಗ್ನಸರಾಯಿಯನ್ನು ಕೇಳಬೇಕು, ಕೊನೆಗೆ ಶಾಲೆಯನ್ನು ಕೇಳಬೇಕು. ಮೂರೂ ಹೂಂ ಅನ್ನುವ ದಿನಗಳು ವರ್ಷದಲ್ಲಿ ಹೆಚ್ಚು ಸಿಗುವುದಿಲ್ಲ. ನಮ್ಮ ಮೈದುನರದು ಕೃಷ್ಣೆಯ ದಂಡೆಯ ಹೊಲ, ನಮ್ಮ ಮನೆಯವರದು ಸೀರೆ ವ್ಯಾಪಾರ. ರಬಕವಿ-ಬನಹಟ್ಟಿಯ ಮಗ್ಗಗಳಿಂದ ಮಾಲು ತರುವುದು, ಪೇಟೆಯಲ್ಲಿ ಮಾರುವುದು. ಅಕ್ಟೋಬರ್ ಮುಗಿಯುತ್ತ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದವೆಂದರೆ ಮಾರ್ಚ್‌ವರೆಗೆ ಹೊಲದವರಿಗೆ ಬಿಡುವಿಲ್ಲ. ಕಡಿಯುವ ಗ್ಯಾಂಗು ಯಾವತ್ತು ಬರುತ್ತದೆ, ಟ್ರ್ಯಾಕ್ಟರಿನ ಪಾಳಿ ಯಾವತ್ತು ಸಿಗುತ್ತದೆ ಎಂಬುದರ ಮೇಲೆಯೇ ಮನೆಯ ಊಟ, ನಿದ್ದೆ ನಿಂತಿರುತ್ತವೆ. ಅತ್ತ ಬಸವ ಜಯಂತಿ ಹತ್ತಿರ ಬಂತೆಂದರೆ ಲಗ್ನಗಳ ಖರೀದಿ. ಆಗ ಅಂಗಡಿಯ ಗಾದಿ ಬಿಟ್ಟು ಏಳುವಂತಿಲ್ಲ.

ದಸರಾ ರಜೆ ಇದೆಯಲ್ಲ ಎಂದು ಅದನ್ನೂ ಲೆಕ್ಕ ಹಾಕಿ ನೋಡಿದೆವು. ಘಟ್ಟ ಹಾಕಿದ ಮನೆಯಲ್ಲಿ ಒಂಬತ್ತು ದಿನ ದೀಪ ನಂದಬಾರದು. ಹತ್ತನೆಯ ದಿನ ಬನ್ನಿ ಕೊಟ್ಟು, ಹಿರಿಯರ ಕಾಲಿಗೆ ನಮಸ್ಕಾರ ಮಾಡಿ ಎದ್ದರೆ ಶೀಗಿ ಹುಣ್ಣಿಮೆಯವರೆಗೆ ನಡುವೆ ಉಳಿಯುವುದು ನಾಲ್ಕೇ ದಿನ, ಹೋಗಿಬರುವ ದಾರಿಗೇ ಅದರ ಅರ್ಧ ಬೇಕು. ಶೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲದೆ ಇರುವುದು ನಮ್ಮ ಅತ್ತೆಯವರಿಗೆ ಒಪ್ಪದ ಮಾತು, ನನಗೂ ಒಪ್ಪದ ಮಾತು. ಎಲ್ಲರೂ ಹೊಲದಲ್ಲಿ ಕೂತು ಬುತ್ತಿ ಬಿಚ್ಚುವ ಆ ದಿನವನ್ನು ಮಕ್ಕಳಿಂದ ಕಸಿದುಕೊಂಡು ಯಾವ ದೇಶ ತೋರಿಸಿದರೂ ಅದು ನಷ್ಟದ ವ್ಯಾಪಾರವೇ. ಹೀಗೆ ಒಂದೊಂದನ್ನೇ ಕಳೆಯುತ್ತ ಬಂದಾಗ ಉಳಿದದ್ದು ಏಪ್ರಿಲ್. ಪರೀಕ್ಷೆ ಮುಗಿದು ಫಲಿತಾಂಶ ಬಂದಿರುತ್ತದೆ, ಕಬ್ಬು ಕಾರ್ಖಾನೆ ಸೇರಿರುತ್ತದೆ, ಲಗ್ನದ ಖರೀದಿ ಇನ್ನೂ ಏರಿರುವುದಿಲ್ಲ. ಬಿಸಿಲು ಮಾತ್ರ ನಲವತ್ತು ಡಿಗ್ರಿಯ ಹೊಸ್ತಿಲಲ್ಲಿ ನಿಂತಿರುತ್ತದೆ. ಆ ಬಿಸಿಲಿನಲ್ಲಿ ಬೆಳೆದ ಮಕ್ಕಳಿಗೆ ಅದೊಂದು ಅಡ್ಡಿಯೇ ಅಲ್ಲ.

ಹೋಗುವ ಊರು ಸಿಂಗಪುರ. ಅದನ್ನು ಆರಿಸಿದ್ದು ನಕಾಶೆ ಮುಂದಿಟ್ಟುಕೊಂಡು, ಮಕ್ಕಳ ಎದುರಿಗೇ. ಏಳನೆಯ ಇಯತ್ತೆ ಮುಗಿಸಲಿರುವ ಮಗಳು ಅಂಕಿಗಳನ್ನು ಹುಡುಕಿ ತಂದಳು. ನಮ್ಮ ಬಾಗಲಕೋಟೆ ಜಿಲ್ಲೆ 6,575 ಚದರ ಕಿಲೋಮೀಟರ್. ಸಿಂಗಪುರ ದೇಶವೆಲ್ಲ ಸೇರಿ ಸುಮಾರು 735. ಅಂದರೆ ನಮ್ಮ ಜಿಲ್ಲೆಯ ಒಂಬತ್ತನೇ ಒಂದು ಪಾಲು. ಅಷ್ಟು ನೆಲದ ಮೇಲೆ 60 ಲಕ್ಷ ಜನ. 2011ರ ಜನಗಣತಿಯಂತೆ ನಮ್ಮ ಇಡೀ ಜಿಲ್ಲೆಯಲ್ಲಿ ಇದ್ದವರು 19 ಲಕ್ಷ. "ಅಷ್ಟು ಮಂದಿ ಎಲ್ಲಿ ಇರತಾರ?" ಎಂದು ಮೂರನೆಯ ಇಯತ್ತೆಯ ಮಗ ಕೇಳಿದ. ಅದೇ ಒಳ್ಳೆಯ ಪ್ರಶ್ನೆ, ನೋಡಿಯೇ ಬರೋಣ ಎಂದೆ. ಪ್ರವಾಸಕ್ಕೆ ಕಾರಣವೊಂದು ಹೀಗೆ ಮಗುವಿನ ಬಾಯಿಂದಲೇ ಬಂದರೆ ದೊಡ್ಡವರು ಬೇರೆ ಕಾರಣ ಹುಡುಕಬೇಕಿಲ್ಲ.

ಬೇರೆ ಅನುಕೂಲಗಳೂ ಇದ್ದವು. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನ, ಸುಮಾರು ನಾಲ್ಕೂವರೆ ಗಂಟೆಯ ದಾರಿ. ಜಮಖಂಡಿಯಿಂದ ಬೆಂಗಳೂರು ಮುಟ್ಟಲು ಅದರ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಬೇಕು. ನಮ್ಮೂರಿಗೆ ಇನ್ನೂ ರೈಲು ಬಂದಿಲ್ಲ. ಬಾಗಲಕೋಟೆ-ಕುಡಚಿ ಮಾರ್ಗ ಮುಗಿಯುವ ದಿನಕ್ಕಾಗಿ ಈ ಸೀಮೆ ಕಾಯುತ್ತಲೇ ಇದೆ. ಗಡಿಯಾರದಲ್ಲಿ ಅವರು ನಮಗಿಂತ ಎರಡೂವರೆ ಗಂಟೆ ಮುಂದೆ, ಮಕ್ಕಳ ನಿದ್ದೆ ಕೆಡುವಷ್ಟು ಅಂತರವಲ್ಲ. ಅಲ್ಲಿಯ ಶಾಲೆಗಳಿಗೆ ದೊಡ್ಡ ರಜೆ ಜೂನ್‌ನಲ್ಲಿ ಮತ್ತು ನವೆಂಬರ್-ಡಿಸೆಂಬರ್‌ನಲ್ಲಿ. ಆದ್ದರಿಂದ ಏಪ್ರಿಲ್‌ನಲ್ಲಿ ಮೃಗಾಲಯ, ಉದ್ಯಾನಗಳಲ್ಲಿ ಅಲ್ಲಿಯ ಮಕ್ಕಳ ನೂಕುನುಗ್ಗಲು ಕಡಿಮೆ. ಮಧ್ಯಾಹ್ನದ ಮೇಲೆ ಗುಡುಗು-ಮಳೆ ಬರುವ ತಿಂಗಳು ಅದು. ಆದ್ದರಿಂದ ಬಯಲಿನಲ್ಲಿ ನೋಡುವುದೆಲ್ಲ ಬೆಳಿಗ್ಗೆ, ಸೂರಿನ ಕೆಳಗಿನದು ಮಧ್ಯಾಹ್ನ ಎಂದು ಬರೆದುಕೊಂಡೆವು.

ಮುಂದಿನದು ಪಾಸ್‌ಪೋರ್ಟ್. ಹಳ್ಳಿ-ಪಟ್ಟಣಗಳ ಮನೆಗಳು ಎಡವುವುದು ಇಲ್ಲಿಯೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕಡೆ ಹೆಸರೆಂದರೆ ಮೂರು ಭಾಗ: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಜನನ ಪ್ರಮಾಣಪತ್ರದಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಶಾಲೆಯ ದಾಖಲೆಯಲ್ಲಿ ಮತ್ತೊಂದು ಬಗೆ ಬರೆದಿರುವುದು ಸಾಮಾನ್ಯ. ಅಡ್ಡಹೆಸರಿನ ಕೊನೆಯ ಒಂದು ಇಂಗ್ಲಿಷ್ ಅಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ನಿಲ್ಲುತ್ತದೆ. ಆದ್ದರಿಂದ ಟಿಕೆಟ್ಟಿನ ಮಾತಿಗೆ ಬಹಳ ಮೊದಲೇ ಮಕ್ಕಳ ಎಲ್ಲ ಕಾಗದಗಳನ್ನು ಒಂದೇ ಚಾಪೆಯ ಮೇಲೆ ಹರಡಿ ಅಕ್ಷರ ಅಕ್ಷರ ಕೂಡಿಸಿ ನೋಡಬೇಕು. ನಾವು ಹೋಗಿದ್ದು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ. ಮಕ್ಕಳ 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,000 ರೂಪಾಯಿ, ದೊಡ್ಡವರಿಗೆ 1,500; ಎಂಟು ವರ್ಷದೊಳಗಿನವರಿಗೆ ಶೇಕಡಾ 10 ರಿಯಾಯಿತಿ. ಚಿಕ್ಕ ಮಕ್ಕಳ ಅರ್ಜಿಗೆ ತಾಯಿ-ತಂದೆ ಇಬ್ಬರೂ ಸಹಿ ಮಾಡಿದ ಒಪ್ಪಿಗೆಪತ್ರ ಬೇಕು. ಮಕ್ಕಳ ಪಾಸ್‌ಪೋರ್ಟ್ ದೊಡ್ಡವರದರಂತೆ ಹತ್ತು ವರ್ಷ ಬಾಳುವುದಿಲ್ಲ, ಐದೇ ವರ್ಷ. ಬೇರೆ ದೇಶದ ಬಾಗಿಲಲ್ಲಿ ನಿಂತಾಗ ಅದಕ್ಕೆ ಇನ್ನೂ ಆರು ತಿಂಗಳ ಆಯುಷ್ಯ ಉಳಿದಿರಬೇಕು.

ಸಿಂಗಪುರಕ್ಕೆ ನಮ್ಮವರಿಗೆ ವೀಸಾ ಬೇಕು. ಅದನ್ನು ಅಧಿಕೃತ ಏಜೆಂಟರ ಮೂಲಕವೇ ಸಲ್ಲಿಸಬೇಕು. ಶುಲ್ಕ 30 ಸಿಂಗಪುರ ಡಾಲರ್, ಮೇಲೆ ಏಜೆಂಟರ ಖರ್ಚು. ಆಮೇಲೆ ಅಲ್ಲಿ ಇಳಿಯುವ ಮೊದಲಿನ ಮೂರು ದಿನದೊಳಗೆ ತುಂಬುವ ಆಗಮನ ಚೀಟಿಯೊಂದಿದೆ, ಅದು ಫೋನಿನಲ್ಲೇ ಆಗುತ್ತದೆ, ಪೂರ್ತಿ ಉಚಿತ. ಅದಕ್ಕೂ ದುಡ್ಡು ಕೇಳುವ ಜಾಲತಾಣಗಳಿವೆ, ಅವುಗಳ ಬಲೆಗೆ ಬೀಳಬಾರದು. ವಿಮಾನದವರ ಲೆಕ್ಕದಲ್ಲಿ 12 ತುಂಬಿದ ಮಗು ದೊಡ್ಡವರೇ, ಪೂರ್ತಿ ಟಿಕೆಟ್ಟು. ಹನ್ನೆರಡರ ಆಸುಪಾಸಿನ ಮಕ್ಕಳಿರುವ ಮನೆಯವರು ಹುಟ್ಟಿದ ತಾರೀಖು ನೋಡಿಕೊಂಡು ದಿನ ಗೊತ್ತು ಮಾಡಿದರೆ ಸ್ವಲ್ಪ ಉಳಿತಾಯವಾದರೂ ಆದೀತು.

ಪಾಸ್‌ಪೋರ್ಟಿನ ನೀಲಿ ಪುಸ್ತಕ ಕೈಗೆ ಬಂದ ದಿನ ಮಗ ಅದನ್ನು ಅಜ್ಜಿಯ ಮಡಿಲಲ್ಲಿಟ್ಟ. ಮಕ್ಕಳು ಅವರನ್ನು ಆಯಿ ಎನ್ನುತ್ತಾರೆ. "ನಮ್ಮ ಅಪ್ಪನ ಕಾಲದಾಗ ಮುಧೋಳಕ್ಕ ಹೋದರೂ ಬ್ಯಾರೆ ರಾಜ್ಯ ಆಗತಿತ್ತಪಾ" ಎಂದರು ಆಯಿ. ಮಗ ನಂಬಲಿಲ್ಲ. ಅದು ನಿಜ. 1948ರ ವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ತೇರದಾಳ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿಯ ಕಡೆ ನೇರ ಬ್ರಿಟಿಷರ ಆಳ್ವಿಕೆ. ಹುಬ್ಬಳ್ಳಿಯ ಪಕ್ಕದ ಕುಂದಗೋಳವೋ, ಅಷ್ಟು ದೂರವಿದ್ದೂ ನಮ್ಮ ಜಮಖಂಡಿಯದು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದೊಳಗೆ ಬಂತು. 1997ರಲ್ಲಿ ವಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾಯಿತು. ಊರು ನಿಂತಲ್ಲೇ ನಿಂತಿತ್ತು, ಗೆರೆಗಳು ಮಾತ್ರ ಅತ್ತಿತ್ತ ಸರಿದವು. ಈ ಮಾತನ್ನು ಮಗಳು ತನ್ನ ವಹಿಯಲ್ಲಿ ಬರೆದುಕೊಂಡಳು. ಸಿಂಗಪುರವೂ ಮಲೇಷ್ಯಾದ ಒಂದು ಭಾಗವಾಗಿದ್ದು 1965ರ ಆಗಸ್ಟ್ 9ರಂದು ಬೇರೆ ದೇಶವಾಯಿತು ಎಂದು ಅದರ ಕೆಳಗೇ ಬರೆದಳು. ಎರಡು ಊರುಗಳ ಚರಿತ್ರೆ ಒಂದೇ ಪುಟದಲ್ಲಿ ಕೂತದ್ದು ಆ ದಿನ.

ಆ ಪುಟ ನೋಡಿದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಯಿತು, ಈ ಬರಹ ಬರೆಯಲು ಕೂತದ್ದೂ ಅದಕ್ಕಾಗಿಯೇ. ಮಕ್ಕಳು ಹೊಸ ಊರನ್ನು ತಮಗೆ ಗೊತ್ತಿರುವ ಊರಿನಿಂದಲೇ ಅಳೆಯುತ್ತಾರೆ. ಅಳೆಯಲು ಕೈಯಲ್ಲಿ ಏನೂ ಇಲ್ಲದ ಮಗುವಿಗೆ ಎಷ್ಟು ದೊಡ್ಡ ಊರು ತೋರಿಸಿದರೂ ಅದು ಬರೀ ಎತ್ತರದ ಕಟ್ಟಡ, ಬರೀ ಬೆಳಕು. ಎರಡು ವಾರದಲ್ಲಿ ಮರೆತುಹೋಗುತ್ತದೆ. ತನ್ನ ಊರಿನ ನೀರು, ಬಟ್ಟೆ, ಪ್ರಾಣಿ, ಮಾತು ಇವನ್ನು ಒಮ್ಮೆ ಕಣ್ಣುಬಿಟ್ಟು ನೋಡಿದ ಮಗುವಿಗೆ ಪರದೇಶದಲ್ಲಿ ಹೆಜ್ಜೆಗೊಂದು ಪ್ರಶ್ನೆ ಹುಟ್ಟುತ್ತದೆ. ಆದ್ದರಿಂದ ಪರದೇಶದ ತಯಾರಿಯಲ್ಲಿ ಅರ್ಧ ಪಾಲು ಊರಲ್ಲೇ ಆಗಬೇಕು, ಅದೂ ಹೊರಡುವ ಮೊದಲೇ.

ನಮಗೆ ಈ ದಾರಿ ತೋರಿಸಿದ ಪ್ರಶ್ನೆಯೂ ಆಯಿಯದೇ. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಮಕ್ಕಳು ಸಿಂಗಪುರದ ವರ್ಣನೆ ಮಾಡುತ್ತಿದ್ದರು. ಎಲ್ಲ ಕೇಳಿದ ಮೇಲೆ ಆಯಿ ಕೇಳಿದರು:

"ಅಲ್ಲೆ ಹೊಳಿ ಅದ ಏನ?"

"ಅದ ಆಯಿ. ಸಣ್ಣದು. ಮೂರು ಕಿಲೋಮೀಟರ್ ಅಷ್ಟ."

"ಮತ್ತ ಅಷ್ಟು ಮಂದಿಗೆ ಕುಡ್ಯಾಕ ನೀರು ಎಲ್ಲಿಂದ ಬರತಾವ?"

ಬೇಸಿಗೆಯಲ್ಲಿ ಕೃಷ್ಣೆ ಬತ್ತುವುದನ್ನೂ 2019ರ ಆಗಸ್ಟ್‌ನಲ್ಲಿ ಕೃಷ್ಣಾ-ಘಟಪ್ರಭೆಗಳು ಊರುಗಳೊಳಗೆ ನುಗ್ಗಿದ್ದನ್ನೂ ಕಂಡವರು ಕೇಳುವ ಪ್ರಶ್ನೆ ಇದು. ಮಕ್ಕಳ ಬಳಿ ಉತ್ತರವಿರಲಿಲ್ಲ. ಹುಡುಕಿದರು. ಸಿಂಗಪುರಕ್ಕೆ ದೊಡ್ಡ ನದಿಯಿಲ್ಲ, ನೆಲದಡಿಯ ನೀರಿನ ಆಸರೆಯೂ ಇಲ್ಲ. ಪಕ್ಕದ ಮಲೇಷ್ಯಾದ ಜೊಹೋರ್‌ನಿಂದ ಕೊಳವೆಯಲ್ಲಿ ನೀರು ಬರುತ್ತದೆ. 1962ರಲ್ಲಿ ಆದ ಆ ಕರಾರು 2061ರ ವರೆಗೆ. ಬಿದ್ದ ಮಳೆಯನ್ನು ಹಿಡಿದಿಡಲು ಅವರು ದೇಶದ ಮೂರನೇ ಎರಡು ಪಾಲು ನೆಲವನ್ನೇ ಜಲಾನಯನವನ್ನಾಗಿ ಮಾಡಿಕೊಂಡಿದ್ದಾರೆ. ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುತ್ತಾರೆ, ಸಮುದ್ರದ ನೀರಿನ ಉಪ್ಪು ತೆಗೆಯುತ್ತಾರೆ. 2008ರಲ್ಲಿ ಪಟ್ಟಣದ ನಟ್ಟನಡುವೆ, ನದಿಗಳು ಸಮುದ್ರ ಸೇರುವ ಬಾಯಿಗೆ ಅಡ್ಡಲಾಗಿ ಒಂದು ಬ್ಯಾರೇಜು ಕಟ್ಟಿದರು: ಮರೀನಾ ಬ್ಯಾರೇಜು. 350 ಮೀಟರ್ ಉದ್ದ, ಒಂಬತ್ತು ಉಕ್ಕಿನ ಗೇಟು, ಏಳು ಪಂಪು. ದೇಶದ ಆರನೇ ಒಂದು ಪಾಲು ನೆಲದ ಮಳೆನೀರು ಅದರ ಹಿಂದೆ ನಿಲ್ಲುತ್ತದೆ. ಜೋರು ಮಳೆಯಾದಾಗ ಸಮುದ್ರ ಇಳಿದಿದ್ದರೆ ಗೇಟು ತೆರೆದು ನೀರು ಬಿಡುತ್ತಾರೆ, ಸಮುದ್ರ ಏರಿದ್ದರೆ ಪಂಪು ಹಚ್ಚಿ ಹೊರಗೆ ಹಾಕುತ್ತಾರೆ. ಕುಡಿಯುವ ನೀರೂ ಆಯಿತು, ತಗ್ಗಿನ ಓಣಿಗಳಿಗೆ ಪ್ರವಾಹದ ಭಯವೂ ಕಡಿಮೆಯಾಯಿತು.

ಬ್ಯಾರೇಜು ಎಂಬ ಹೆಸರು ಕೇಳಿದ ಮೇಲೆ ನಮ್ಮ ಮೈದುನರು ಸುಮ್ಮನಿರಲಿಲ್ಲ. ಮುಂದಿನ ಭಾನುವಾರ ಮಕ್ಕಳನ್ನೆಲ್ಲ ಜೀಪಿನಲ್ಲಿ ಹಾಕಿಕೊಂಡು ಚಿಕ್ಕಪಡಸಲಗಿಗೆ ಹೊರಟರು. ಜಮಖಂಡಿ ಸೀಮೆಯ ರೈತರು ಸರಕಾರಕ್ಕೆ ಕಾಯದೆ, ತಮ್ಮ ಕೈಯಿಂದ ಹಣ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ ಕಟ್ಟಿಕೊಂಡ ಬ್ಯಾರೇಜು ಅದು. 1989ರಲ್ಲಿ ಮುಗಿಯಿತು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಮುಂದೆ ನಿಂತು ಮಾಡಿಸಿದ ಸಿದ್ದು ನ್ಯಾಮಗೌಡರಿಗೆ ಬ್ಯಾರೇಜ್ ಸಿದ್ದು ಎಂದೇ ಹೆಸರಾಯಿತು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಈ ದಂಡೆಯಲ್ಲಿ ಬೇಸಿಗೆಯಲ್ಲೂ ಕಬ್ಬು ಹಸಿರಾಗಿ ನಿಲ್ಲಲು ಅಂದು ಕೂಡಿದ ಆ ಕೈಗಳು ಕಾರಣ. ಮೈದುನರು ಮಕ್ಕಳಿಗೆ ನೀರು ಹೇಗೆ ನಿಲ್ಲುತ್ತದೆ, ಗೇಟು ಯಾವಾಗ ತೆಗೆಯುತ್ತಾರೆ, ಯಾವ ದಂಡೆಗೆ ಎಷ್ಟು ಹೊಲ ಎಂದು ಕೈ ಮಾಡಿ ತೋರಿಸಿದರು. ಮಗಳು ವಹಿ ತೆಗೆದು ಎರಡು ಕಾಲಂ ಗೆರೆ ಎಳೆದಳು: ಒಂದರ ಮೇಲೆ ಚಿಕ್ಕಪಡಸಲಗಿ, ಇನ್ನೊಂದರ ಮೇಲೆ ಮರೀನಾ. ಯಾರು ಕಟ್ಟಿದರು, ಯಾವ ವರ್ಷ, ನೀರು ಯಾರಿಗೆ, ಎದುರಿಗೆ ಏನಿದೆ. ಮೊದಲ ಕಾಲಂ ಅಲ್ಲೇ ತುಂಬಿತು. ಎರಡನೆಯದರಲ್ಲಿ ಕೆಲವು ಜಾಗ ಖಾಲಿ ಇವೆ, ಅವನ್ನು ಅಲ್ಲಿ ಹೋಗಿ ತುಂಬಬೇಕು.

ಇಷ್ಟಾದ ಮೇಲೆ ನಮ್ಮ ಪ್ರವಾಸಕ್ಕೆ ಒಂದು ನಡುಗಂಬ ಸಿಕ್ಕಿತು, ಉಳಿದದ್ದನ್ನು ಅದರ ಸುತ್ತ ಕಟ್ಟಿದೆವು. ದಿನಕ್ಕೆ ಒಂದು ದೊಡ್ಡದು, ಒಂದು ಸಣ್ಣದು. ಇದಕ್ಕಿಂತ ಹೆಚ್ಚಿಗೆ ತುರುಕಬಾರದು ಎಂಬುದು ನಾನು ಹಾಕಿದ ಕಟ್ಟಳೆ. ಪ್ಯಾಕೇಜಿನವರ ಪಟ್ಟಿಗಳಲ್ಲಿ ಒಂದೇ ದಿನಕ್ಕೆ ಏಳೆಂಟು ಹೆಸರು ಇರುತ್ತವೆ. ಬಸ್ಸಿನಿಂದ ಇಳಿ, ಫೋಟೊ ತೆಗೆ, ಬಸ್ಸು ಹತ್ತು. ಮಕ್ಕಳ ಕಾಲು ಸೋಲುವ ಮೊದಲು ಅವರ ಕಣ್ಣು ಸೋಲುತ್ತದೆ. ಒಂದು ಕಡೆ ಅರ್ಧ ದಿನ ನಿಂತರೆ ಮಾತ್ರ ಮಗು ಕೇಳತೊಡಗುತ್ತದೆ.

ರಾತ್ರಿಯ ವಿಮಾನ ಹಿಡಿದರೆ ಅಲ್ಲಿ ಇಳಿಯುವುದು ಬೆಳಗಿನ ಹೊತ್ತು. ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ ಎರಡು-ಮೂರರ ಮೇಲೆ. ನಡುವಿನ ಈ ಹೊತ್ತನ್ನು ಮೊದಲೇ ಯೋಚಿಸದಿದ್ದರೆ ನಿದ್ದೆಗೆಟ್ಟ ಮಕ್ಕಳು, ಅವರ ಮೇಲೆ ರೇಗುವ ದೊಡ್ಡವರು, ಹೀಗೆ ಮೊದಲ ದಿನವೇ ಹಾಳು. ಆದ್ದರಿಂದ ನಾವು ಲಿಟಲ್ ಇಂಡಿಯಾ ಎಂಬ ಭಾಗದಲ್ಲಿ, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲು ಹುಡುಕಿದೆವು. ಗಂಟುಮೂಟೆ ಅಲ್ಲಿಟ್ಟು, ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆದು ಬಂದಿರುವ ಕೋಮಳ ವಿಲಾಸದಲ್ಲಿ ಇಡ್ಲಿ-ದೋಸೆ ತಿಂದು, ವೀರಮಾಕಾಳಿ ಅಮ್ಮನ ಗುಡಿಗೆ ಹೋಗಿ ಕೈಮುಗಿದು, ಕೋಣೆ ಸಿಕ್ಕ ಕೂಡಲೆ ಎಲ್ಲರೂ ಮಲಗುವುದು. ಸಂಜೆ ಡೌನ್‌ಟೌನ್ ಮಾರ್ಗದ ರೈಲು ಹಿಡಿದರೆ ನಡುವೆ ಬದಲಿಸದೆ ಬೇಫ್ರಂಟ್ ನಿಲ್ದಾಣ, ಅಲ್ಲಿಂದ ಗಾರ್ಡನ್ಸ್ ಬೈ ದ ಬೇ. 2012ರಲ್ಲಿ ತೆರೆದ ಆ ಉದ್ಯಾನದಲ್ಲಿ 25ರಿಂದ 50 ಮೀಟರ್ ಎತ್ತರದ ಉಕ್ಕಿನ ಮರಗಳಿವೆ, ಮೈಮೇಲೆ ಜೀವಂತ ಬಳ್ಳಿಗಳು. ರಾತ್ರಿ ಅವುಗಳ ಕೆಳಗಿನ ದೀಪ-ಸಂಗೀತಕ್ಕೆ ಟಿಕೆಟ್ಟಿಲ್ಲ. ಮಕ್ಕಳು ಹುಲ್ಲಿನ ಮೇಲೆ ಅಂಗಾತ ಮಲಗಿ ನೋಡಬಹುದು.

ಎರಡನೆಯ ದಿನ ಮಗನದು. ಅವನಿಗೆ ಪ್ರಾಣಿಗಳ ಹುಚ್ಚು. ಮಂಡಾಯಿಯ ಸಿಂಗಪುರ ಮೃಗಾಲಯ ತೆರೆದದ್ದು 1973ರಲ್ಲಿ. ಕಬ್ಬಿಣದ ಸರಳುಗಳ ಬದಲು ಕಂದಕ, ನೀರು, ಗಿಡಗಳನ್ನೇ ಗಡಿ ಮಾಡಿ ಪ್ರಾಣಿಗಳನ್ನು ಬಯಲಿನಲ್ಲಿ ಬಿಟ್ಟಂತೆ ಇಟ್ಟಿದ್ದಾರೆ. ಪಕ್ಕದಲ್ಲೇ 1994ರಲ್ಲಿ ತೆರೆದ, ರಾತ್ರಿ ಸಂಚರಿಸುವ ಪ್ರಾಣಿಗಳಿಗೆಂದೇ ಇರುವ ನೈಟ್ ಸಫಾರಿ. ಎರಡನ್ನೂ ಒಂದೇ ದಿನ ಮಾಡಿದರೆ ಎಂಟು ವರ್ಷದ ಹುಡುಗ ತಾಳಲಾರ, ಹಗಲಿನದು ಸಾಕು ಎಂದು ನಿಶ್ಚಯವಾಯಿತು. ಅದಕ್ಕೆ ಮೊದಲು ಅವನನ್ನು ಮುಧೋಳಕ್ಕೆ ಕರೆದೊಯ್ದು ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದ ಬಗ್ಗೆ ಹೇಳಿದೆವು. ನಮ್ಮ ಮುಧೋಳ ನಾಯಿ ಪರದೇಶ ಕಂಡದ್ದು ನಮಗಿಂತ ಬಹಳ ಮೊದಲು: ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಅದರ ಮರಿಗಳನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಭಾರತೀಯ ಸೇನೆಯೂ ಈ ತಳಿಯನ್ನು ತರಬೇತಿಗೆ ತೆಗೆದುಕೊಂಡಿತು. ಮಗ ಆ ನಾಯಿಯ ಒಂದು ಫೋಟೊ ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಾನೆ, ಮೃಗಾಲಯದ ಸಿಬ್ಬಂದಿಗೆ ತೋರಿಸಬೇಕಂತೆ. "ಇದು ನಮ್ಮ ಊರಿಂದು" ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ಅಕ್ಕನ ಬಳಿ ಕಲಿಯುತ್ತಿದ್ದಾನೆ.

ಮೂರನೆಯ ದಿನ ಮರೀನಾ ಬ್ಯಾರೇಜು. ಅದರ ಮಾಳಿಗೆಯ ಮೇಲೆ ಹುಲ್ಲು ಬೆಳೆಸಿದ್ದಾರೆ, ಸಿಂಗಪುರದ ಮಂದಿ ಮಕ್ಕಳನ್ನು ಕರೆದುಕೊಂಡು ಗಾಳಿಪಟ ಹಾರಿಸಲು ಅಲ್ಲಿಗೇ ಬರುತ್ತಾರೆ. ಈ ಸಂಗತಿ ತಿಳಿದ ದಿನ ನಮ್ಮ ಮನೆಯಲ್ಲಿ ಹಬ್ಬ. ಗಾಳಿಪಟದ ವಿದ್ಯೆ ಇಬ್ಬರಿಗೂ ಚೆನ್ನಾಗಿ ಗೊತ್ತು. ಹರಿತವಾದ ಮಾಂಜಾ ಒಯ್ಯಬಾರದು, ಬರೀ ನೂಲು ಸಾಕು ಎಂದು ಅಪ್ಪ ಕಡ್ಡಾಯ ಮಾಡಿದ್ದಾರೆ. ಪಟವನ್ನು ಮಡಚಿ ಒಯ್ಯುವಂತೆ ಕಟ್ಟುವುದು ಹೇಗೆಂದು ಓಣಿಯ ಹುಡುಗರೆಲ್ಲ ಸೇರಿ ತಲೆ ಕೆಡಿಸಿಕೊಂಡಿದ್ದಾರೆ. ಬ್ಯಾರೇಜು ನೋಡಲು ದುಡ್ಡಿಲ್ಲ, ಗಾಳಿಗೆ ದುಡ್ಡಿಲ್ಲ. ನೀರಿನ ಪಾಠವೂ ಆಟವೂ ಒಂದೇ ಮಾಳಿಗೆಯ ಮೇಲೆ ಆಗುತ್ತದೆ. ನಮ್ಮ ನಾಲ್ಕು ದಿನಗಳಲ್ಲಿ ನಾನು ಹೆಚ್ಚು ಕಾಯುತ್ತಿರುವುದು ಈ ಸಂಜೆಗೆ.

ಕೊನೆಯ ದಿನ ನಮ್ಮ ಮನೆಯವರ ಆಸೆಯ ಅರಬ್ ಸ್ಟ್ರೀಟ್. ಸಾಲು ಸಾಲು ಬಟ್ಟೆಯ ಅಂಗಡಿಗಳು, ಬಾತಿಕ್, ರೇಷ್ಮೆ. ಕೊಳ್ಳಲು ಹೋಗುತ್ತಿಲ್ಲ, ನೋಡಲು. ಅದಕ್ಕಾಗಿ ಮಕ್ಕಳು ರಬಕವಿಯ ಮಗ್ಗದ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆದು ಬಂದಿದ್ದಾರೆ. ಹಾಸು ಯಾವುದು, ಹೊಕ್ಕು ಯಾವುದು, ಸೆರಗಿಗೆ ನೂಲು ಹೇಗೆ ಜೋಡಿಸುತ್ತಾರೆ, ಕೈಮಗ್ಗದ ಬಟ್ಟೆಗೂ ವಿದ್ಯುತ್ ಮಗ್ಗದ ಬಟ್ಟೆಗೂ ಬೆರಳಿಗೆ ತಿಳಿಯುವ ವ್ಯತ್ಯಾಸ ಏನು ಎಂದು ನೇಕಾರ ಅಜ್ಜ ಕೂರಿಸಿಕೊಂಡು ಹೇಳಿದ. ಇನ್ನು ಅಲ್ಲಿಯ ಬಟ್ಟೆಯನ್ನು ಮುಟ್ಟಿದಾಗ ಅವರ ಬೆರಳೇ ಮಾತಾಡುತ್ತದೆ. ಮರಳುವಾಗ ಚಾಂಗಿ ವಿಮಾನ ನಿಲ್ದಾಣದ ಜ್ಯುವೆಲ್ ಕಟ್ಟಡದೊಳಗೆ 40 ಮೀಟರ್ ಎತ್ತರದಿಂದ ಬೀಳುವ ನೀರು ನೋಡಿಕೊಂಡು ವಿಮಾನ ಹತ್ತುವುದು. 2019ರಲ್ಲಿ ಮಾಡಿದ್ದು, ಅದಕ್ಕೂ ಟಿಕೆಟ್ಟಿಲ್ಲ.

ದುಡ್ಡಿನ ವಿಷಯದಲ್ಲಿ ಮಕ್ಕಳಿಂದ ಏನನ್ನೂ ಮುಚ್ಚಿಡಲಿಲ್ಲ. ವಿಮಾನ, ಹೋಟೆಲು, ವೀಸಾ, ಮೃಗಾಲಯದ ಟಿಕೆಟ್ಟು ಇವು ಕೈ ಕಚ್ಚುವ ಖರ್ಚು. ಉಳಿದಂತೆ ಬೇಕೆಂದೇ ಉಚಿತವಾದದ್ದನ್ನು ಆರಿಸಿದೆವು. ಮೆಟ್ರೊದಲ್ಲಿ 90 ಸೆಂಟಿಮೀಟರ್‌ಗಿಂತ ಎತ್ತರದ ಮಗುವಿಗೂ ಟಿಕೆಟ್ಟಿನ ದುಡ್ಡು ಬೀಳುತ್ತದೆ, ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡು ಬೇಕು. ಮಗಳು ದಿನದ ಜಮಾ-ಖರ್ಚು ಬರೆಯುವವಳು. ಅಂಗಡಿಯ ಮನೆಯ ಹುಡುಗಿ, ಕೀರ್ದಿ ಬರೆಯುವುದು ಅವಳಿಗೆ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಬಾಯಿಂದ ಹೇಳಿ ಕಲಿಸುವುದಕ್ಕಿಂತ ಲೆಕ್ಕದ ಪುಸ್ತಕವನ್ನೇ ಮಗುವಿನ ಕೈಗೆ ಕೊಡುವುದು ಮೇಲು.

ಬುತ್ತಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಕಡೆಯವರು ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇಲ್ಲದೆ ಊರು ದಾಟುವವರಲ್ಲ. ಒಯ್ಯಬಹುದು, ಚೆನ್ನಾಗಿ ಕಟ್ಟಿರಬೇಕು. ಗಸಗಸೆ ಮಾತ್ರ ಸಿಂಗಪುರದಲ್ಲಿ ನಿಷಿದ್ಧ. ಅದರಲ್ಲಿ ಅಫೀಮಿನ ಅಂಶವಿರುತ್ತದೆಂದು ಮಾದಕವಸ್ತುಗಳ ಕಾನೂನಿನಡಿ ತಡೆದಿದ್ದಾರೆ. ನಮ್ಮ ಅಂಟಿನುಂಡಿ, ಕರ್ಚಿಕಾಯಿ, ಕರದಂಟಿನಲ್ಲಿ ಗಸಗಸೆ ಹಾಕುವ ರೂಢಿಯಿದೆ. ಪ್ರೀತಿಯಿಂದ ಯಾರೋ ಕೊಟ್ಟ ಡಬ್ಬಿಯನ್ನು ನೋಡದೆ ಚೀಲಕ್ಕೆ ಹಾಕಿಕೊಂಡರೆ ವಿಮಾನ ನಿಲ್ದಾಣದಲ್ಲಿ ಮಕ್ಕಳ ಎದುರು ದೊಡ್ಡ ತೊಂದರೆಯಾಗುತ್ತದೆ. ಚೂಯಿಂಗ್ ಗಮ್ 1992ರಿಂದ ಅಲ್ಲಿಗೆ ಒಯ್ಯುವಂತಿಲ್ಲ. ಗುಟಖಾ, ಅಗಿಯುವ ತಂಬಾಕು ಕೂಡ ಇಲ್ಲ. ಆದ್ದರಿಂದ ಆಯಿ ಮಾಡಿಕೊಡಲಿರುವ ಉಂಡಿಯಲ್ಲಿ ಶೇಂಗಾ ಮತ್ತು ಮಹಾಲಿಂಗಪುರದ ಬೆಲ್ಲ, ಬೇರೇನೂ ಇಲ್ಲ. ಮೆಟ್ರೊ ರೈಲಿನೊಳಗೆ ತಿನ್ನುವುದೂ ಕುಡಿಯುವುದೂ ತಪ್ಪು, ಉಂಡಿಯೂ ಸೇರಿ. ಇದನ್ನು ಮಗನಿಗೆ ಈಗಿಂದಲೇ ಹೇಳುತ್ತಿದ್ದೇವೆ.

ಮಕ್ಕಳು ಗುಂಪಿನಲ್ಲಿ ತಪ್ಪಿಸಿಕೊಂಡರೆ ಎಂಬ ಭಯ ಯಾವ ತಾಯಿಗೂ ಇರುತ್ತದೆ. ಹೋಟೆಲಿನ ಹೆಸರು, ವಿಳಾಸ, ನಮ್ಮ ಫೋನ್ ನಂಬರು ಬರೆದ ಚೀಟಿ ಇಬ್ಬರ ಜೇಬಿನಲ್ಲೂ ಇರುತ್ತದೆ. ಅಲ್ಲಿ ಪೊಲೀಸರಿಗೆ 999, ಅಂಬ್ಯುಲೆನ್ಸಿಗೆ 995. ರೈಲಿನ ಬಾಗಿಲು ಮುಚ್ಚಿ ನಾವು ಒಳಗೆ, ಮಗು ಹೊರಗೆ ಉಳಿದರೆ ಏನು ಮಾಡಬೇಕು ಎಂಬುದನ್ನೂ ಆಟ ಮಾಡಿ ಕಲಿಸಿದ್ದೇವೆ: ನಿಂತಲ್ಲೇ ನಿಲ್ಲುವುದು, ನಾವೇ ಹಿಂದಿರುಗಿ ಬರುತ್ತೇವೆ. ಮಾತಿನ ಭಯ ಮಾತ್ರ ನನಗಿಲ್ಲ. ಸಿಂಗಪುರದ ಅಧಿಕೃತ ಭಾಷೆಗಳು ನಾಲ್ಕು: ಮಲಯ, ಚೀನಿ, ತಮಿಳು, ಇಂಗ್ಲಿಷ್. ನಮ್ಮ ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು, ಹಿಂದಿ ಒಂದೇ ಕಟ್ಟೆಯ ಮೇಲೆ ವ್ಯಾಪಾರ ಮಾಡುವುದನ್ನು ಹುಟ್ಟಿದಾಗಿನಿಂದ ಕೇಳಿದ ಮಕ್ಕಳಿಗೆ ನಾಲ್ಕು ಭಾಷೆಯ ಊರು ಪರಕೀಯ ಅನಿಸಲಾರದು.

ಈ ನೆಲದಿಂದ ದೂರ ಹೋಗಿ ನೋಡಿ ಬಂದವರು ನಾವೇ ಮೊದಲಿಗರಲ್ಲ. ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ಸಾವಿರ ವರ್ಷದ ಹಿಂದೆ ವಿದ್ಯೆ ಹುಡುಕಿಕೊಂಡು ಗಂಗರ ನಾಡಿಗೆ ಹೋದ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ ಇಲ್ಲಿಯೇ ಶಾಲೆ ಕಲಿತ ಗುರುದೇವ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು, ಕೊನೆಗೆ ನಿಂಬಾಳದಲ್ಲಿ ನೆಲೆ ನಿಂತರು. ಅವರದು ಬಾಳಿನ ಪಯಣ, ನಮ್ಮದು ರಜೆಯ ನಾಲ್ಕು ದಿನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಆದರೂ ಹೊರಡುವ ಮಗುವಿಗೆ ತನ್ನ ಓಣಿಯಿಂದ ಹೀಗೆ ಹೋದವರಿದ್ದರು ಎಂದು ಗೊತ್ತಿದ್ದರೆ ಅದರ ನಡಿಗೆಯಲ್ಲಿ ಅಳುಕು ಕಡಿಮೆಯಾಗುತ್ತದೆ.

ತಯಾರಿಯ ಕೊನೆಯ ಕೆಲಸವಾಗಿ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದೇನೆ. ಸಿಂಗಪುರದ ಮನೆಯೊಂದು ನಿಮ್ಮಷ್ಟೇ ವಯಸ್ಸಿನ ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನ ಜಮಖಂಡಿಗೆ ಬರುತ್ತದೆ ಅಂದುಕೊಳ್ಳಿ. ದಿನಕ್ಕೆ ಒಂದು ದೊಡ್ಡದು, ಒಂದು ಸಣ್ಣದು. ಏನು ತೋರಿಸುತ್ತೀರಿ? ಬರೆಯಿರಿ ಎಂದೆ. ಮಗಳು ರಾಮತೀರ್ಥದ ಗುಡ್ಡ, ಅಲ್ಲಿಯ ಅರಮನೆ, ಗುಡಿ ಎಂದು ಶುರು ಮಾಡಿದಳು. ಮಗ ಮುಧೋಳ ನಾಯಿಯನ್ನು ಮೊದಲ ದಿನಕ್ಕೇ ಹಾಕಬೇಕೆಂದು ಹಟ ಹಿಡಿದ. ಚಿಕ್ಕಪಡಸಲಗಿ ಇಬ್ಬರಿಗೂ ಬೇಕು. ರಬಕವಿಯ ಮಗ್ಗ ಬಂತು, ಬೀಳಗಿಯ ಅರೆತ್ತಿನ ಬಾವಿ ಬಂತು. ಆಯಿ ತಾವೂ ಒಂದು ಸೇರಿಸಿದರು: ಕೊನೆಯ ದಿನ ಹೊಲದಲ್ಲಿ ಊಟ, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು. ಅರೆತ್ತಿನ ಬಾವಿ ಯಾರು ಕಟ್ಟಿಸಿದ್ದು ಎಂದು ಬಂದವರು ಕೇಳಿದರೆ ಏನು ಹೇಳುವುದು ಎಂದು ಮಗಳಿಗೆ ಚಿಂತೆ ಹತ್ತಿದೆ, ಬೀಳಗಿಗೆ ಹೋಗಿ ಕೇಳಿಕೊಂಡು ಬರೋಣವೆಂದು ಬೆನ್ನು ಬಿದ್ದಿದ್ದಾಳೆ.

ಟಿಕೆಟ್ಟು ತೆಗೆಸುವ ಮೊದಲು ಪ್ರತಿ ಮನೆಯಲ್ಲೂ ಮಕ್ಕಳು ಇಂಥ ಪಟ್ಟಿಯೊಂದನ್ನು ಬರೆಯಲಿ ಎಂಬುದು ನನ್ನ ಆಸೆ. ತಮ್ಮೂರಿನ ಬಗ್ಗೆ ಏನೇನು ತಿಳಿದಿಲ್ಲ ಎಂಬುದು ಬರೆಯಲು ಕೂತಾಗ ಅವರಿಗೂ ತಿಳಿಯುತ್ತದೆ, ನಮಗೂ ತಿಳಿಯುತ್ತದೆ. ಆ ಕೊರತೆ ತುಂಬಿಕೊಳ್ಳಲು ವೀಸಾ ಬೇಕಿಲ್ಲ. ಬರುವ ಭಾನುವಾರ ನಾವು ಬೀಳಗಿಗೆ ಹೊರಟಿದ್ದೇವೆ.